ಮುಚ್ಚಿದ ನೀರಿಗೆ ಎಡೆ ಇಟ್ಟವಳು

ಕಿವುಡು ಬಯಲಿನಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ಮಾರ್ದನಿ ಬರುವುದಿಲ್ಲ. ಸುತ್ತಲೂ ಬೆಟ್ಟಗಳೇನೋ ಇವೆ, ಆದರೆ ಎಲ್ಲವೂ ಮುನಿಸಿಕೊಂಡ ನೆಂಟರ ಹಾಗೆ ದೂರ ಸರಿದು ಕೂತಿವೆ. ಆ ಬಯಲಿನ ಅಂಚಿನ ಕಲ್ಲುಮನೆಯಲ್ಲಿ ಸೆರಾಪಿಯಾ ಕಾಲ್ಪಾಂಚಾಯ್ ತನ್ನ ಉಣ್ಣೆಯ ಲಾಮಾಗಳ ಹಿಂಡಿನೊಂದಿಗೆ ಒಬ್ಬಳೇ ಇರುವುದನ್ನು ನೋಡಿದವರು, ಎಂಥ ಗಟ್ಟಿ ಹೆಂಗಸು, ಏಕಾಂತವೆಂದರೆ ಇವಳಿಗೆ ಎಷ್ಟು ಪ್ರೀತಿ ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಮೆಚ್ಚುವುದಕ್ಕೇನು, ಖರ್ಚಿಲ್ಲವಲ್ಲ. ನಿಜ ಹೇಳಬೇಕೆಂದರೆ ಅವಳಷ್ಟು ಜನದ ಹುಚ್ಚಿರುವ ಹೆಂಗಸು ನಮ್ಮ ಈ ಎತ್ತರದ ಸೀಮೆಯಲ್ಲೇ ಇನ್ನೊಬ್ಬಳಿಲ್ಲ.

ಹರೆಯದಲ್ಲಿ ಅವಳು ಬಿಳಿಗಾರದ ಗಣಿಯ ಅಡುಗೆಮನೆ ಸೇರಿದಳು. ಹೊತ್ತು ಮೂಡುವ ಮುಂಚೆ ಒಲೆ ಹಚ್ಚಬೇಕು, ಗಣಿಯವರು ಏಳುವ ಹೊತ್ತಿಗೆ ಕೊಪ್ಪರಿಗೆ ತುಂಬ ಸೂಪು ಕುದಿಯುತ್ತಿರಬೇಕು. ಅಲ್ಲಿನ ಗಂಡಸರು ಅವಳನ್ನು ಕಾಡಿಸುತ್ತಿದ್ದರು, ಅವಳೂ ಬಿಡುತ್ತಿರಲಿಲ್ಲ. ಉಪ್ಪು ಕಡಿಮೆ ಎಂದವನ ತಟ್ಟೆಗೆ ಒಂದು ಹಿಡಿ ಸುರಿದು, 'ತಗೋ, ಸಮುದ್ರಾನೇ ಕುಡಿ' ಎನ್ನುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿಯಿತು. ಅದನ್ನವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಷ್ಟು ಬಾಯಿಗಳಿಗೆ ಬಡಿಸುವವಳಿಗೆ ಒಂದು ಬಾಯಿ ಕಡಿಮೆಯಾದರೆ ಗೊತ್ತಾಗುವುದಿಲ್ಲ. ಆಮೇಲೊಂದು ದಿನ ಗಣಿ ಮುಚ್ಚಿತು. ಲಾರಿಗಳು ಬಂದವು, ಮಂಚ, ಬಾಗಿಲು, ತಗಡಿನ ಚಾವಣಿಯನ್ನೆಲ್ಲ ಹೇರಿಕೊಂಡು ಹೋದವು. ಜನವೂ ಹೋಯಿತು. ಬರುತ್ತೀವಿ, ಕರೆಸಿಕೊಳ್ಳುತ್ತೀವಿ ಎಂದವರಲ್ಲಿ ಒಬ್ಬನೂ ತಿರುಗಿ ನೋಡಲಿಲ್ಲ. ಸೆರಾಪಿಯಾ ಅಪ್ಪ ಬಿಟ್ಟುಹೋಗಿದ್ದ ಲಾಮಾಗಳ ಹಿಂಡಿಗೆ ಮರಳಿದಳು. ಅಪ್ಪ ಅಮ್ಮ ಇಬ್ಬರೂ ಆ ಹೊತ್ತಿಗೆ ಮಣ್ಣಾಗಿದ್ದರು.

ಆವತ್ತಿನಿಂದ ಅವಳ ಮಾತುಕತೆ ಲಾಮಾಗಳ ಜೊತೆ, ರೇಡಿಯೋ ಜೊತೆ. ಲಾಮಾ ಉಗುಳುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ. ರೇಡಿಯೋದಲ್ಲಿ ಮಧ್ಯಾಹ್ನ ದೂರದೂರದ ಹಟ್ಟಿಗಳಲ್ಲಿರುವವರಿಗೆ ಕಳಿಸಿದ ಸುದ್ದಿಗಳನ್ನು ಓದುತ್ತಾರೆ. ಯಾರಿಗೋ ಮಗು ಹುಟ್ಟಿತು, ಯಾರಿಗೋ ಔಷಧ ಬಸ್ಸಿನಲ್ಲಿ ಬರುತ್ತಿದೆ. ತನಗೇನೂ ಇರುವುದಿಲ್ಲ ಎಂದು ಗೊತ್ತಿದ್ದರೂ ಅವಳು ಒಂದು ಹೆಸರನ್ನೂ ಬಿಡದೆ ಕೇಳುತ್ತಿದ್ದಳು. ಕೊನೆಯ ಹೆಸರಾದ ಮೇಲೆ ರೇಡಿಯೋ ಆರಿಸುತ್ತಿದ್ದಳು, ಬ್ಯಾಟರಿ ಉಳಿಯಲಿ ಅಂತ.

ಹೀಗಿರುವಾಗ ಡಾಕ್ಟರ್ ಲುದ್ಮಿಲಾ ಬಂದಳು. ರಾಜಧಾನಿಯವಳು, ಭೌತಶಾಸ್ತ್ರ ಓದಿದವಳು, ಎತ್ತರದ ಗಾಳಿ ಹಿಡಿಸದೆ ಜೀಪಿನಿಂದ ಇಳಿದವಳೇ ವಾಂತಿ ಮಾಡಿಕೊಂಡಳು. ಸೆರಾಪಿಯಾ ಅವಳನ್ನು ಒಲೆಯ ಪಕ್ಕ ಕೂರಿಸಿ, ಕೋಕಾ ಎಲೆಯ ಕಷಾಯ ಕುಡಿಸಿ, ಕಾಲ ಮೇಲೆ ಕಂಬಳಿ ಹೊದಿಸಿದಳು. ಜೀವ ಬಂದ ಹಾಗಾದ ಮೇಲೆ ಲುದ್ಮಿಲಾ ತಾನು ಬಂದ ಕೆಲಸ ಹೇಳಿದಳು.

"ದೂರದಲ್ಲಿ, ತುಂಬಾ ತುಂಬಾ ದೂರದಲ್ಲಿ, ನಕ್ಷತ್ರ ಸಿಡಿದಾಗ ಅಲ್ಲಿಂದ ಒಂಥರಾ ಬೆಳಕು ಹೊರಡತ್ತೆ ದೋನ್ಯಾ ಸೆರಾಪಿಯಾ. ಗಾಮಾ ಕಿರಣ ಅಂತಾರೆ. ಅದು ನಮ್ಮ ಗಾಳಿಗೆ ಬಡಿದು ಚೂರುಚೂರಾಗಿ ತುಂತುರು ಮಳೆ ಥರ ಉದುರತ್ತೆ. ಕೆಳಗಿನ ಊರುಗಳು ಮುಟ್ಟೋದರೊಳಗೆ ಇಂಗಿಹೋಗತ್ತೆ. ಇಷ್ಟು ಎತ್ತರದಲ್ಲಿ ಆದ್ರೆ ಹಿಡೀಬಹುದು."

"ಯಾವುದರಲ್ಲಿ ಹಿಡೀತೀರ?"

"ನೀರಲ್ಲಿ. ಮುಚ್ಚಿದ ತೊಟ್ಟೀಲಿ ಕತ್ತಲು ಮಾಡಿ ನೀರು ಇಟ್ರೆ, ಆ ತುಂತುರು ಒಳಗೆ ಹಾದಾಗ ನೀಲಿ ಮಿಂಚು ಬರತ್ತೆ. ಅಂಥ ಸಾವಿರಾರು ತೊಟ್ಟಿ ಒಟ್ಟಿಗೆ ನಿಲ್ಲಿಸ್ಬೇಕು. ಅದಕ್ಕೇ ಬಯಲು ಹುಡುಕ್ತಾ ಇದ್ದೀವಿ. ಬೇರೆ ದೇಶದಲ್ಲೂ ಒಂದೆರಡು ಬಯಲು ನೋಡಿದ್ದೀವಿ, ಇದೂ ಒಂದು."

ಸೆರಾಪಿಯಾ ನಕ್ಷತ್ರವನ್ನು ಅಲ್ಲಿಗೇ ಬಿಟ್ಟಳು. "ಸಾವಿರಾರು ತೊಟ್ಟಿ ನೋಡ್ಕೊಳ್ಳೋಕೆ ಜನ ಬೇಕಲ್ವಾ?"

"ಬೇಕು. ಕಟ್ಟೋವಾಗ ನೂರಾರು ಜನ. ಆಮೇಲೂ ಒಂದಷ್ಟು ಜನ ಇಲ್ಲೇ ಇರ್ತಾರೆ, ವರ್ಷಗಟ್ಟಲೆ."

"ಅವರಿಗೆಲ್ಲ ಅಡುಗೆ ಯಾರು ಮಾಡ್ತಾರೆ?"

ಲುದ್ಮಿಲಾ ನಕ್ಕಳು. "ಅದನ್ನ ಇನ್ನೂ ಯಾರೂ ಯೋಚಿಸಿಲ್ಲ."

"ಬುದ್ಧಿವಂತರು," ಎಂದಳು ಸೆರಾಪಿಯಾ. "ನಕ್ಷತ್ರ ಸಿಡಿಯೋದು ಯೋಚಿಸ್ತಾರೆ, ಮಧ್ಯಾಹ್ನದ ಊಟ ಯೋಚಿಸಲ್ಲ."

ಆ ಕ್ಷಣದಿಂದ ಅವಳ ಜೀವ ಆ ಬಯಲಿಗೆ ಜೋತುಬಿದ್ದಿತು. ಬಯಲು ಆಯ್ಕೆಯಾದರೆ ಜನ ಬರುತ್ತದೆ. ಇಲ್ಲದಿದ್ದರೆ ಈಗಿರುವುದೇ ಸಾಯುವ ತನಕ.

ಮಾರ್ಚ್‌ನಲ್ಲಿ ಇಂಜಿನಿಯರ್ ಬಸುವಾಲ್ಡೋ ಬಂದ. ಸಾಲ್ತಾ ಪಟ್ಟಣದವನು, ದಪ್ಪಗೆ, ಬಾಯಿತುಂಬ ನಗು. ಗಾಳಿ ಅಳೆಯುವ ಕಂಬವೊಂದನ್ನು ನೆಟ್ಟ. ಅದರ ಪಕ್ಕದಲ್ಲಿ ಪರೀಕ್ಷೆಗೆಂದು ಒಂದೇ ಒಂದು ಕರಿಯ ತೊಟ್ಟಿ ಇಟ್ಟ. ಸೆರಾಪಿಯಾಳ ಮನೆಯವರು ತಲೆಮಾರುಗಳಿಂದ ಕುಡಿದ, ನೆಲದಿಂದ ಜಿನುಗುವ ಊಟೆಯ ನೀರನ್ನೇ ಸೋಸಿ ತೊಟ್ಟಿಗೆ ತುಂಬಿಸಿದ. ಜೂನ್‌ಗೆ ಶುರುವಾಗುವ ನಮ್ಮ ಸೀಮೆಯ ಒಂದು ಚಳಿಗಾಲ ಆ ನೀರು ಹೆಪ್ಪುಗಟ್ಟದೆ, ಕೆಡದೆ, ತಿಳಿಯಾಗಿ ಉಳಿಯುತ್ತದೆಯೇ ಎಂದು ನೋಡಬೇಕಿತ್ತು. ಒಳಗೊಂದು ಗಾಜಿನ ಬುರುಡೆ ಬೆಳಕನ್ನು ಅಳೆಯುತ್ತದೆ, ಲೆಕ್ಕ ತಾನಾಗಿ ಉಪಗ್ರಹದ ಮೂಲಕ ದೂರ ಹೋಗುತ್ತದೆ. ತೊಟ್ಟಿ ಕೂರಿಸಲು ನೆಲ ಅಗೆಯುವಾಗ ಸೆರಾಪಿಯಾ ಗುದ್ದಲಿಗೆ ಅಡ್ಡ ನಿಂತಳು.

"ಅಗೆಯೋಕೆ ಮುಂಚೆ ಪಾಚಮಾಮಾನ ಕೇಳ್ಬೇಕು ಇಂಜಿನಿಯರ್ರೇ. ಭೂಮ್ತಾಯಿ ಅವಳು. ಹೊಟ್ಟೆಗೆ ಏನಾದ್ರೂ ಹಾಕ್ಬೇಕು."

"ಹಾಕೋಣ ದೋನ್ಯಾ, ಹಾಕೋಣ. ಅವಳು ಬಾಯಿ ತೆರೆಯೋದು ಆಗಸ್ಟಲ್ಲಿ ತಾನೇ? ಒಂದನೇ ತಾರೀಕು ಬಂದು ನಿಮ್ಮ ಪಕ್ಕದಲ್ಲೇ ಮಂಡಿ ಊರ್ತೀನಿ. ಈಗ ದಾರಿ ಬಿಡಿ, ಕಾಂಕ್ರೀಟ್ ಗಟ್ಟಿ ಆಗ್ತಿದೆ."

ಅವಳು ದಾರಿ ಬಿಟ್ಟಳು, ಅವನ ಮಾತಿನ ಮೇಲೆ ಅಷ್ಟು ನಂಬಿಕೆ. ಅದಕ್ಕೊಂದು ಕಾರಣವಿತ್ತು. ನಮ್ಮಲ್ಲಿ ಆಗಸ್ಟ್‌ನಲ್ಲಿ ನೆಲಕ್ಕೆ ಉಣಿಸುವುದು ಜೋಡಿಯಾಗಿ. ಇಬ್ಬಿಬ್ಬರು ಬಂದು, ಅಗೆದ ಗುಂಡಿಯ ಮುಂದೆ ಒಟ್ಟಿಗೆ ಮಂಡಿಯೂರಿ, ಎರಡೂ ಕೈಯಿಂದ ಕೊಡಬೇಕು. ಒಂಟಿಯಾಗಿ ಯಾರೂ ಹೋಗುವುದಿಲ್ಲ. ಸೆರಾಪಿಯಾ ಮಾತ್ರ ಗಣಿ ಮುಚ್ಚಿದಾಗಿನಿಂದ ಬಲಗೈ ತನ್ನದು, ಎಡಗೈ ಇನ್ಯಾರದೋ ಎಂದುಕೊಂಡು ಒಬ್ಬಳೇ ಕೊಡುತ್ತಿದ್ದಳು. ಪಾಚಮಾಮಾಗೆ ಅದು ಗೊತ್ತಾಗದೆ ಇರುತ್ತದೆಯೇ?

ಕಾವಲಿನ ಕೆಲಸವನ್ನು ಅವಳಿಗೇ ಒಪ್ಪಿಸಿದರು. ಲಾಮಾಗಳು ಬಂದು ಮೈ ತಿಕ್ಕಬಾರದು, ಸೌರಫಲಕದ ಮೇಲಿನ ಮಂಜು ಒರೆಸಬೇಕು. ಹೊರಡುವಾಗ ಲುದ್ಮಿಲಾ ಅವಳ ಎರಡೂ ಭುಜ ಹಿಡಿದು ಒಂದೇ ಒಂದು ಕಟ್ಟಪ್ಪಣೆ ಮಾಡಿದಳು. "ಏನೇ ಆದ್ರೂ ಒಳಗೆ ಬೆಳಕು ಹೋಗ್ಬಾರ್ದು. ಒಂದು ಸೂಜಿಮೊನೆಯಷ್ಟೂ."

ಆ ಚಳಿಗಾಲ ಸೆರಾಪಿಯಾ ಕಣ್ಣಲ್ಲಿ ಕಣ್ಣಿಟ್ಟು ತೊಟ್ಟಿ ಕಾದಳು. ಬೆಳಗ್ಗೆ ಮೊದಲು ಅದರ ಬಳಿ ಹೋಗಿ ಗೋಡೆ ತಟ್ಟಿ, "ಎದ್ಯಾ?" ಎಂದು ಕೇಳುತ್ತಿದ್ದಳು. ಮೇಯಿಸಿಕೊಂಡು ಬಂದ ಮೇಲೆ ಅದರ ಮರೆಯಲ್ಲಿ, ಗಾಳಿ ತಾಗದ ಕಡೆ, ನೂಲುತ್ತಾ ಕೂರುತ್ತಿದ್ದಳು. ಗಣಿಯ ಕಥೆಗಳನ್ನೆಲ್ಲ ಹೇಳಿದಳು, ಮುರಿದ ಮದುವೆಗಳ ಕಥೆಯನ್ನೂ ಹೇಳಿದಳು. ದೂರದಲ್ಲಿ ಯಾರೋ ಓದಿದವರು ಕೂತು ಈ ತೊಟ್ಟಿಯ ಲೆಕ್ಕ ನೋಡುತ್ತಿದ್ದಾರೆ, ಅಂದರೆ ಒಂದು ರೀತಿಯಲ್ಲಿ ತನ್ನನ್ನೂ ನೋಡುತ್ತಿದ್ದಾರೆ ಎಂಬ ಯೋಚನೆ ಅವಳಿಗೆ ಬಲು ಹಿತವಾಗಿತ್ತು. ಮುಖ ತೊಳೆಯದೆ ಅತ್ತ ಹೋಗುತ್ತಿರಲಿಲ್ಲ.

ವಾರಕ್ಕೊಮ್ಮೆ ಹಿಟ್ಟು, ಸಕ್ಕರೆ ತಂದುಕೊಡುವ ಅನಾಕ್ಲೇತೋಗೆ ಇದೆಲ್ಲ ತಮಾಷೆ. ಅವನ ಮಗಳ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡವಳು ಸೆರಾಪಿಯಾ. ಹಾಗಾಗಿ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ.

"ಏನ್ ಕೊಮಾದ್ರೆ, ಈ ವಯಸ್ಸಲ್ಲಿ ಗಂಡು ಸಿಕ್ಕಿದ ಹಾಗಿದೆ. ಸ್ವಲ್ಪ ಕಪ್ಪು, ಸ್ವಲ್ಪ ದಪ್ಪ."

"ನಿನಗಿಂತ ವಾಸಿ ಕೊಂಪಾದ್ರೆ. ಇದು ಕುಡಿದು ತೂರಾಡಲ್ಲ, ನಿಂತಲ್ಲೇ ನಿಂತಿರತ್ತೆ."

ಆಗಸ್ಟ್ ಒಂದು ಬಂತು. ಸೆರಾಪಿಯಾ ಹಿಂದಿನ ದಿನವೇ ಚೀಚಾ ಎಂಬ ಜೋಳದ ಕಳ್ಳು ಸೋಸಿಟ್ಟಿದ್ದಳು, ಒಣಮಾಂಸ ಬೇಯಿಸಿದ್ದಳು. ಎರಡು ತಟ್ಟೆ ತೊಳೆದಿಟ್ಟಿದ್ದಳು. ತೊಟ್ಟಿಯ ಬುಡದಲ್ಲಿ ಗುಂಡಿ ಅಗೆದು, ಕಂಬಳಿ ಹಾಸಿ, ದಾರಿ ಕಾಯುತ್ತಾ ಕೂತಳು. ಬಯಲಿನಲ್ಲಿ ಜೀಪು ಬಂದರೆ ಧೂಳು ಮೊದಲೇ ಕಾಣುತ್ತದೆ. ಧೂಳು ಏಳಲಿಲ್ಲ. ಮಧ್ಯಾಹ್ನದ ಗಾಳಿ ಎದ್ದಿತು, ಬೇಯಿಸಿದ್ದರ ಮೇಲೆ ಮರಳು ಕೂತಿತು. ಬಸುವಾಲ್ಡೋ ಬರಲಿಲ್ಲ.

ಅವಳಿಗೆ ಅಳು ಬಂತು, ಆಮೇಲೆ ಹೆದರಿಕೆ. ಕೇಳದೆ ಅಗೆದ ನೆಲ ಇದು. ಗಣಿಯವರೂ ಹೀಗೆಯೇ ಕೇಳದೆ ಅಗೆಯುತ್ತಿದ್ದರು, ಕೊನೆಗೆ ಅವರ ಗತಿ ಏನಾಯಿತು ಎಂದು ಅವಳೇ ಕಣ್ಣಾರೆ ಕಂಡಿದ್ದಳು. ಅದಕ್ಕಿಂತ ಹೆಚ್ಚಾಗಿ ಆ ನೀರು. ಊಟೆಗೆ ಪ್ರತಿ ಆಗಸ್ಟ್‌ನಲ್ಲೂ ಅವಳು ತಪ್ಪದೆ ಎಡೆ ಇಟ್ಟಿದ್ದಾಳೆ. ಅದೇ ಊಟೆಯ ಮಗು ಇದು. ತಂದು, ಕತ್ತಲಲ್ಲಿ ಕೂಡಿಹಾಕಿ, ತಿಂಗಳುಗಟ್ಟಲೆ ಒಂದು ತುತ್ತು ಕೊಟ್ಟಿಲ್ಲ. ಹಸಿದ ನೀರು ಯಾರಿಗೆ ಒಳ್ಳೆಯದು ಮಾಡೀತು? ಇಡೀ ಚಳಿಗಾಲ ತನ್ನ ಮಾತು ಕೇಳಿದ ಜೀವ ಇದೊಂದೇ, ಈ ಸಲ ತನ್ನ ಜೋಡಿ ಇದೇ ಎನ್ನಿಸಿತು ಅವಳಿಗೆ.

ಡಾಕ್ಟರಮ್ಮನ ಮಾತು ಅವಳು ಮರೆಯಲಿಲ್ಲ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ಒಂದರ ಮೇಲೊಂದು ತೊಟ್ಟಿಗೆ ಹೊದಿಸಿದಳು. ಅಂಚಿಗೆಲ್ಲ ಕಲ್ಲು ಹೇರಿದಳು. ಆಮೇಲೆ ತಾನೇ ಆ ಕಂಬಳಿಗಳ ಅಡಿ ನುಸುಳಿ, ಉಸಿರು ಕಟ್ಟುವ ಕತ್ತಲಲ್ಲಿ ತಡಕಾಡಿ, ಮುಚ್ಚಳದ ತಿರುಪುಗಳನ್ನು ಸಡಿಲಿಸಿದಳು. ಒಂದು ಸೂಜಿಮೊನೆಯಷ್ಟು ಬೆಳಕೂ ಒಳಗೆ ಹೋಗಲಿಲ್ಲ. ಹೋದದ್ದು ಕೋಕಾ ಎಲೆ, ಜೋಳದ ಹಿಟ್ಟು, ಲಾಮಾದ ಕೊಬ್ಬು, ಒಂದು ಚೊಂಬು ಚೀಚಾ, ಮೇಲೊಂದಿಷ್ಟು ಸಾರಾಯಿ. "ಉಣ್ಣಪ್ಪಾ," ಎಂದಳು. "ಇವರನ್ನ ಇಲ್ಲೇ ಇರಿಸ್ಕೋ. ಕಳಿಸ್ಬೇಡ."

ಹೊರಗೆ ಬಂದಾಗ ಬೆವರಿನಲ್ಲಿ ಮಿಂದಿದ್ದಳು. ವರ್ಷಗಳ ನಂತರ ಮೊದಲ ಸಲ ಕ್ರಮವಾಗಿ ಉಣಿಸಿದ ಸಮಾಧಾನದಲ್ಲಿ, ಎರಡನೇ ತಟ್ಟೆಯದನ್ನೂ ತಾನೇ ತಿಂದು ಮುಗಿಸಿದಳು.

ಸೆಪ್ಟೆಂಬರ್‌ನಲ್ಲಿ ಬಸುವಾಲ್ಡೋ ಬ್ಯಾಟರಿ ಬದಲಿಸಲು ಬಂದ. ಆಗಸ್ಟ್ ಮಾತು ಎತ್ತುವ ಮುಂಚೆಯೇ ಕೈಮುಗಿದ. "ಬೈಬೇಡಿ ದೋನ್ಯಾ. ಪೆಟ್ರೋಲಿನ ದುಡ್ಡೇ ಕಳಿಸ್ಲಿಲ್ಲ, ಯಾಕೆ ಅಂತ ಯಾರೂ ಹೇಳಲ್ಲ. ಈ ಸಲ ನನ್ನ ಕೈಯಿಂದ ಹಾಕ್ಕೊಂಡು ಬಂದೆ." ಆಮೇಲೆ ತೊಟ್ಟಿಯ ಪಕ್ಕದ ಅಳತೆಯ ಪೆಟ್ಟಿಗೆ ತೆಗೆದು ಸಣ್ಣ ಪರದೆ ನೋಡಿದವನ ನಗು ಮಾಯವಾಯಿತು.

"ಇದೇನಿದು? ಬೆಳಕಿನ ಲೆಕ್ಕ ಪೂರಾ ಇಳಿದುಹೋಗಿದೆ. ನೀರು ರಾಡಿಯಾಗಿರೋ ಹಾಗಿದೆ. ಯಾರಾದ್ರೂ ಮುಚ್ಚಳ ತೆಗೆದ್ರಾ?"

ಸೆರಾಪಿಯಾ ತೊಟ್ಟಿಗೆ ಬೆನ್ನು ಕೊಟ್ಟು ನಿಂತಳು. "ಬೆಳಕು ಒಳಗೆ ಹೋಗಿಲ್ಲ ಇಂಜಿನಿಯರ್ರೇ. ದೇವರಾಣೆ."

"ಹಾಗಾದ್ರೆ ನಿಮ್ಮ ಊಟೆ ನೀರಲ್ಲೇ ಏನೋ ದೋಷ ಇದೆ," ಎಂದ ಅವನು ತಲೆ ಕೆರೆದುಕೊಳ್ಳುತ್ತಾ. "ಹಾಗಂತ ಹೇಳಿದ್ರೆ ಈ ಬಯಲಿಗೆ ಎಳ್ಳುನೀರು ಬಿಟ್ಟ ಹಾಗೇ."

ಅವನು ಹೋದ ಮೇಲೆ ಅವಳಿಗೆ ಊಟ ಸೇರಲಿಲ್ಲ. ಇರಿಸಿಕೋ ಎಂದು ಕೊಟ್ಟದ್ದೇ ಓಡಿಸುವ ವಿಷವಾಗಿತ್ತು. ಅದರ ಮೇಲೆ ಅಪ್ಪ, ಅಜ್ಜ ಕುಡಿದ ಊಟೆಗೆ ಕೆಟ್ಟ ಹೆಸರು. ಅದನ್ನು ಕೇಳಿಯೂ ಬಾಯಿ ಹೊಲಿದುಕೊಂಡು ನಿಂತಿದ್ದಳಲ್ಲ ತಾನು! ಮಾರನೆಯ ದಿನ ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತಿದಳು. ಲುದ್ಮಿಲಾಗೆ ಕರೆ ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೊಂದು ದಿನ ಹತ್ತಿದಳು, ಮತ್ತೆ ಅದೇ. ಡಾಕ್ಟರಮ್ಮನಿಗೆ ಆಗಲೇ ಎಲ್ಲ ತಿಳಿದಿದೆ, ಸಿಟ್ಟಿನಿಂದಲೇ ಎತ್ತುತ್ತಿಲ್ಲ ಎಂದು ತೀರ್ಮಾನಿಸಿಕೊಂಡು ಇಳಿದಳು.

ಅಕ್ಟೋಬರ್‌ನ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಅವಳ ಹೆಸರು ಬಂತು. "ಕಿವುಡು ಬಯಲಿನ ದೋನ್ಯಾ ಸೆರಾಪಿಯಾ ಕಾಲ್ಪಾಂಚಾಯ್ ಅವರ ಗಮನಕ್ಕೆ. ತೊಟ್ಟಿ ಮತ್ತು ಕಂಬವನ್ನು ಬಿಚ್ಚಿ ತೆಗೆದುಕೊಂಡು ಹೋಗಲು ಡಾಕ್ಟರ್ ಲುದ್ಮಿಲಾ ಗುರುವಾರ ಬರುತ್ತಾರೆ." ಇಷ್ಟು ವರ್ಷ ಕಾದ ಹೆಸರು ಬಂದದ್ದು ಇದಕ್ಕೆ. ಸುದ್ದಿ ಮುಗಿದರೂ ಅವಳು ರೇಡಿಯೋ ಆರಿಸಲಿಲ್ಲ, ಸಂಜೆಯವರೆಗೂ ಅದು ಹಾಡುತ್ತಲೇ ಇತ್ತು.

ಗುರುವಾರ ಅನಾಕ್ಲೇತೋನ ಲಾರಿಯಲ್ಲೇ ಲುದ್ಮಿಲಾ ಬಂದಳು. ಸೊರಗಿದ್ದಳು. ಸೆರಾಪಿಯಾ ಅವಳಿಗೆ ಕೆಳಗಿಳಿಯಲೂ ಪುರುಸೊತ್ತು ಕೊಡಲಿಲ್ಲ.

"ಡಾಕ್ಟ್ರಮ್ಮ, ಊಟೆ ನೀರಲ್ಲಿ ದೋಷ ಇಲ್ಲ. ನಾನೇ ಕೆಡಿಸಿದ್ದು. ಆಗಸ್ಟಲ್ಲಿ ಮುಚ್ಚಳ ತೆಗೆದು ಉಣ್ಸಿದೆ. ಕಂಬಳಿ ಹೊದ್ಸಿದ್ದೆ, ಬೆಳಕು ಹೋಗೋಕೆ ಬಿಡ್ಲಿಲ್ಲ. ಆದ್ರೆ ಹಿಟ್ಟು, ಕೊಬ್ಬು, ಚೀಚಾ ಎಲ್ಲ ಹಾಕ್ದೆ. ನೀವೆಲ್ಲ ಇಲ್ಲೇ ಇರ್ಲಿ ಅಂತ ಹಾಕ್ದೆ. ಬಯಲು ಕೈತಪ್ಪಿದ್ದು ನನ್ನಿಂದ."

ಲುದ್ಮಿಲಾ ಲಾರಿಯಿಂದ ಇಳಿದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ಕೊಬ್ಬು ಹಾಕಿದ್ರಾ? ಅಯ್ಯೋ ದೋನ್ಯಾ, ಅದಕ್ಕೆ ಇಷ್ಟು ದಿನ ನರಳಿದ್ರಾ? ನಿಮ್ಮಿಂದ ಏನೂ ಆಗಿಲ್ಲ. ಬಯಲು ಕೈತಪ್ಪಿದ್ದು ಜುಲೈಯಲ್ಲೇ. ಸಭೆ ನಡೀತು, ಬೇರೆ ದೇಶದ ಬಯಲಿಗೆ ಓಟು ಬಿತ್ತು. ಅಲ್ಲಿಗೆ ರಸ್ತೆ ಇದೆ, ಕರೆಂಟ್ ಇದೆ, ಅಷ್ಟೇ ಕಾರಣ."

"ಜುಲೈಯಲ್ಲಾ?"

"ಹೂಂ."

"ಮತ್ತೆ ಆಗಸ್ಟು, ಸೆಪ್ಟೆಂಬರು... ತೊಟ್ಟಿ ಲೆಕ್ಕ ಬರ್ತಾ ಇತ್ತಲ್ಲ?"

"ಬರ್ತಾ ಇತ್ತು." ಲುದ್ಮಿಲಾಳ ನಗು ಇಳಿಯಿತು. "ಯಾರೂ ನೋಡ್ತಾ ಇರ್ಲಿಲ್ಲ. ನಾನೂ ನೋಡ್ಲಿಲ್ಲ. ನಿಮಗೆ ಬೇರೆ ಯಾರಾದ್ರೂ ಹೇಳಿರ್ತಾರೆ ಅಂತ ಅಂದ್ಕೊಂಡೆ. ಬಸುವಾಲ್ಡೋಗೂ ಯಾರೂ ಹೇಳಿರ್ಲಿಲ್ಲವಂತೆ. ನೀವು ಫೋನ್ ಮಾಡಿದಾಗ ನಿಮಗೆ ಹೇಗೆ ಹೇಳೋದು ಅಂತ ನಾನು ಎತ್ತಲಿಲ್ಲ. ತಪ್ಪು ನಮ್ಮದು. ನೀವು ಮನಸ್ಸಿಗೆ ಹಚ್ಕೋಬೇಡಿ."

ಡಾಕ್ಟರಮ್ಮ ಭಾರ ಇಳಿಸಿದೆ ಎಂದುಕೊಂಡಳು, ಪಾಪ. ಇಳಿಸಿದ್ದು ಏನನ್ನು ಎಂದು ಅವಳಿಗೆ ಗೊತ್ತಾಗಲಿಲ್ಲ. ತಪ್ಪು ತನ್ನದು ಎಂದು ಕೊರಗಿದ ದಿನಗಳಲ್ಲಿ ಸೆರಾಪಿಯಾಳ ಎದುರು ಒಬ್ಬರಿದ್ದರು, ಸಿಟ್ಟಾದವರಾದರೂ ಸರಿ. ಈಗ ಗೊತ್ತಾಯಿತು, ಕೊರೆಯುವ ಚಳಿಯಲ್ಲಿ ಅವಳು ಮುಖ ತೊಳೆದು ಹೋಗಿ ನಿಂತಾಗೆಲ್ಲ ಆ ಕಡೆ ಕುರ್ಚಿ ಖಾಲಿಯಿತ್ತು. ಅವಳು ಕೆಡಿಸುವುದಕ್ಕೂ ಅಲ್ಲಿ ಏನೂ ಉಳಿದಿರಲಿಲ್ಲ. ಗಣಿ ಮುಚ್ಚಿದಾಗಲೂ ಅವಳಿಗೆ ಇಷ್ಟು ಸಂಕಟವಾಗಿರಲಿಲ್ಲ.

ಅನಾಕ್ಲೇತೋ ತೊಟ್ಟಿಯ ತೂಬು ತೆಗೆದ. ನಾರುವ ಕಂದು ನೀರು ಸ್ವಲ್ಪ ದೂರ ಹರಿದು ಮರಳಿನಲ್ಲಿ ಇಂಗಿತು. ಕಂಬ ಲಾರಿಯ ಮೇಲೆ ಮಲಗಿತು, ಖಾಲಿ ತೊಟ್ಟಿ ಅದರ ಪಕ್ಕ ಕೂತಿತು. ಲುದ್ಮಿಲಾ ವಿದಾಯ ಹೇಳಲು ಬಂದಾಗ ಸೆರಾಪಿಯಾ ಅವಳ ತೋಳು ಹಿಡಿದುಕೊಂಡಳು.

"ನನ್ನ ಬೈದು ಹೋಗಿ ಡಾಕ್ಟ್ರಮ್ಮ."

"ಯಾಕೆ ಬೈಲಿ? ನೀವೇನೂ ಮಾಡಿಲ್ಲ ಅಂದ್ನಲ್ಲ."

"ಮಾಡಿದೀನಿ. ಬೇಡ ಅಂದ ಮುಚ್ಚಳ ತೆಗೆದಿದೀನಿ, ಒಳ್ಳೇ ನೀರು ಹೊಲಸು ಮಾಡಿದೀನಿ. ಯಾರೂ ನೋಡ್ಲಿಲ್ಲ ಅಂದ್ರೆ ಮಾಡಿಲ್ಲ ಅಂತಲಾ? ಬೈರಿ. ಬೈದ್ರೆ ನಿಮ್ಮೂರಿಗೆ ಹೋದ್ಮೇಲೂ, ಆ ಬಯಲಲ್ಲೊಬ್ಬಳು ಇದ್ಲು, ತೊಟ್ಟಿ ಕೆಡಿಸಿದ್ಲು ಅಂತ ನೆನಪಿರತ್ತೆ. ಪಾಪ ಅಂತ ಬಿಟ್ಟು ಹೋದವರು ಯಾರೂ ನನ್ನ ನೆನಪಿಟ್ಕೊಂಡಿಲ್ಲ."

ಲುದ್ಮಿಲಾ ತೋಳು ಬಿಡಿಸಿಕೊಂಡು ಅವಳಿಗೆ ಎದುರಾಗಿ ನಿಂತಳು. ಆಮೇಲೆ ಬೈಯಲು ಶುರುಮಾಡಿದಳು. ಮೊದಲು ಮಕ್ಕಳ ನಾಟಕದಲ್ಲಿ ಮಾತು ಒಪ್ಪಿಸುವ ಹಾಗಿತ್ತು, "ನೀವು ಹಾಗೆ ಮಾಡಬಾರದಿತ್ತು" ಎಂದು. ಸೆರಾಪಿಯಾ ತಲೆಯಾಡಿಸಿದಳು, ಸಾಲದು ಎಂಬಂತೆ. ಆಗ ಲುದ್ಮಿಲಾಗೆ ಎಲ್ಲಿತ್ತೋ, ಸೋತ ವರ್ಷಗಳ ಸಿಟ್ಟೆಲ್ಲ ಒಮ್ಮೆಗೇ ಉಕ್ಕಿ ಬಂತು. "ನಿಮ್ಮನ್ನ ನಂಬಿ ಬಿಟ್ಟು ಹೋಗಿದ್ದೆ! ಎಷ್ಟು ಕಷ್ಟಪಟ್ಟು ಸೋಸಿದ್ದ ನೀರು ಗೊತ್ತಾ ಅದು? ಕೊಬ್ಬು ಹಾಕ್ತಾರಾ ಅದಕ್ಕೆ? ಬುದ್ಧಿ ಬೇಡ್ವಾ ಸೆರಾಪಿಯಾ?" ದೋನ್ಯಾ ಎಂಬ ಗೌರವದ ಮಾತೂ ಮರೆತುಹೋಗಿತ್ತು. ಕೆನ್ನೆ ಮೇಲೆ ನೀರು ಹರಿಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ. ಲಾರಿಯ ಬಳಿ ಅನಾಕ್ಲೇತೋ ಹಗ್ಗ ಬಿಗಿಯುವುದನ್ನು ಬಿಟ್ಟು, ಇಬ್ಬರು ಹೆಂಗಸರೂ ಕೈಕೈ ಮಿಲಾಯಿಸುತ್ತಾರೇನೋ ಎಂದು ಗಾಬರಿಯಿಂದ ನೋಡುತ್ತಿದ್ದ.

ಸೆರಾಪಿಯಾ ತಲೆ ತಗ್ಗಿಸಿ ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡಳು. ಲುದ್ಮಿಲಾ ನಿಜವಾಗಿ ಸಿಟ್ಟಾದವರ ಹಾಗೆಯೇ ಬಾಗಿಲು ದಢಾರನೆ ಎಳೆದುಕೊಂಡು ಲಾರಿಯಲ್ಲಿ ಕೂತಳು, ಕೈ ಬೀಸಲಿಲ್ಲ. ಧೂಳು ಬೆಟ್ಟದ ಸಂದಿಯಲ್ಲಿ ಮರೆಯಾಗುವ ತನಕ ಸೆರಾಪಿಯಾ ಅಲ್ಲೇ ನಿಂತಿದ್ದಳು. ಆಮೇಲೆ ಲಾಮಾಗಳನ್ನು ಕೂಡಿಸಿ ಮನೆಯೊಳಗೆ ಹೋಗಿ, ಒಲೆ ಹಚ್ಚದೆ, ಬಹಳ ಹೊತ್ತು ಅತ್ತಳು.